ಮೂರನೇ ಬಾವಿ

"ರೀ, ಗೇಟಿನ ಹತ್ರ ನಿಮ್ಮಣ್ಣ!" ಎಂದು ಹೆಂಡತಿ ಖುಷಿಯಿಂದ ಕೂಗಿದ್ದೇ ತಡ, ಹೊಸ ಮನೆಯ ಬಾಗಿಲ ಪಕ್ಕದ ಗೋಡೆ ಕೊರೆಯುತ್ತಿದ್ದ ಗಂಡನ ಮುಖ ಬಿಳಿಚಿಕೊಂಡಿತು. ಅಲ್ಲೇ ಒರಗಿಸಿದ್ದ, ಮನೆಗೆ 'ಸಿಟ್ನಾ' ಎಂದು ಹೆಸರು ಕೆತ್ತಿದ ಕಲ್ಲಿನ ಮೇಲೆ ಗಡಿಬಿಡಿಯಿಂದ ಗೋಣಿಚೀಲ ಎಳೆದ.

"ಯಾರು ಕರೆದ್ರು ಅವನ್ನ?"

"ನಾನೇ. ಹೇಳಿದ್ರೆ ಬೇಡ ಅಂತಿದ್ರಿ. ಕಲ್ಲು ಕೂರಿಸೋಕೆ ಹಿರಿಯರು ಅಂತ ನಮಗೆ ಭಾವ ಒಬ್ರೇ ತಾನೆ ಇರೋದು?"

"ಹಾಳಾಯ್ತು. ಸಿಟ್ನಾ ಅಂದ್ರೆ ಏನು ಗೊತ್ತಾ ನಿಂಗೆ?"

"ಇಸಾಕ ತೋಡಿಸಿದ ಬಾವಿ ಹೆಸರು ಅಂದಿದ್ರಲ್ಲ."

"ಬಾವಿ ಹೆಸರೇ. ಅರ್ಥ ಹಗೆತನ."

ಅವಳು ಗಾಬರಿಯಿಂದ ಗೇಟಿನ ಕಡೆ ತಿರುಗಿದಳು. ಅಣ್ಣ ತಮ್ಮ ಇಬ್ಬರೂ ಕಲ್ಲು ಕೆತ್ತುವವರು. ಅಪ್ಪನ ಶೆಡ್ಡಿನಲ್ಲಿ ಯಾರ ಕಲ್ಲು ಎಲ್ಲಿಡಬೇಕು ಎಂದು ಶುರುವಾದ ಜಗಳ, ಮಹಡಿಯ ಕೋಣೆ ಯಾರಿಗೆ ಎಂಬಲ್ಲಿಗೆ ಬೆಳೆದು, ಮುಖ ನೋಡುವುದೂ ನಿಂತು ವರ್ಷಗಳಾಗಿದ್ದವು. ಆ ಸಿಟ್ಟಿನಲ್ಲೇ ಇವನು ಹೀಗೆ ಕೆತ್ತಿದ್ದ. ಅಣ್ಣ ಈ ಹೊಸ್ತಿಲು ತುಳಿಯುವುದಿಲ್ಲ ಎಂಬ ಧೈರ್ಯ. ಬೇರೆ ಯಾರಿಗೂ ಹೀಬ್ರೂ ಹೆಸರಿನ ಅರ್ಥ ತಿಳಿಯದು, ಅಣ್ಣನಿಗೆ ತಿಳಿಯದೆ ಇರದು. ಅವರಪ್ಪ ಊಟಕ್ಕೆ ಕೂತಾಗ ಮಕ್ಕಳಿಗೆ ಬೈಬಲಿನ ಊರು, ಬಾವಿಗಳ ಹೆಸರಿನ ಅರ್ಥ ಕೇಳುತ್ತಿದ್ದರು. ಬೇತೇಲ್ ಅಂದರೆ ದೇವರ ಮನೆ, ಬೇತ್ಲೆಹೇಮ್ ರೊಟ್ಟಿಯ ಮನೆ, ಮಾರಾ ಕಹಿ. ತಪ್ಪಿದವನಿಗೆ ಎರಡನೇ ಸಲ ಬಡಿಸುವಂತಿಲ್ಲ. ಭಾವನ ಹೊಟ್ಟೆ ನೋಡಿದರೆ ಸಾಕು, ಅವರು ತಪ್ಪಿದ್ದು ಕಡಿಮೆ ಎಂದು ಯಾರಾದರೂ ಹೇಳಬಹುದಿತ್ತು.

"ಎಲ್ಲಮ್ಮ ಕಲ್ಲು?" ಉಳಿ ಸುತ್ತಿಗೆಯ ಚೀಲ ಹೆಗಲಿಗೆ ಹಾಕಿಕೊಂಡು ಭಾವ ಒಳಗೆ ಬಂದೇಬಿಟ್ಟರು.

"ಮೊದಲು ಏನಾದ್ರೂ ಕುಡೀರಿ ಭಾವ," ಎಂದು ಅವಳು ಅಡ್ಡ ನಿಂತಳು. ಅವರು ಆಗಲೇ ಗೋಣಿ ಎತ್ತಿದ್ದರು.

ನಾನೇ ಕರೆದು ನಾನೇ ಅವಮಾನ ಮಾಡಿದಂತಾಯಿತಲ್ಲ, ಇನ್ನು ಈ ಜನ್ಮದಲ್ಲಿ ಇವರು ಒಂದಾಗುವುದಿಲ್ಲ ಎಂದು ಅವಳಿಗೆ ಅಳು ಬಂತು. ಭಾವ ಅಕ್ಷರಗಳ ಮೇಲೆ ಬೆರಳಾಡಿಸಿದರು.

"ಚೆನ್ನಾಗಿ ಬಂದಿದೆ. ಕೋಪ ಬಂದಾಗ ನಿನ್ನ ಕೈ ಯಾವತ್ತೂ ಚೆಂದ," ಎಂದವರು ಕಲ್ಲನ್ನು ಮುಂದಕ್ಕೆ ಬಾಗಿಸಿ ಹಿಂದೆ ನೋಡಿದರು. ಹಿಂಬದಿಯೂ ಮುಂಬದಿಯಷ್ಟೇ ನುಣುಪಾಗಿತ್ತು. "ಲೋ, ಗೋಡೆ ಒಳಗೆ ಹೋಗೋ ಬೆನ್ನನ್ನ ಯಾಕೋ ನಯ ಮಾಡಿದ್ದೀಯ?"

ತಮ್ಮ ನೆಲ ನೋಡಿದ. "ಸುಮ್ನೆ."

"ಸುಮ್ನೆ ಯಾರಾದ್ರೂ ಇಷ್ಟು ಉಜ್ಜುತಾರಾ?"

ಭಾವ ಚೀಲ ಕೆಳಗಿಟ್ಟು, ಅವರಪ್ಪನ ಹಾಗೆಯೇ ಗದ್ದ ಎತ್ತಿ ಕೇಳಿದರು. "ಇಸಾಕನ ಆಳುಗಳು ತೋಡಿದ ಬಾವಿ ನಮ್ಮದು ಅಂತ ಆ ಕಡೆಯವರು ಗಲಾಟೆಗೆ ಬಂದ್ರು. ಹೆಸರು?"

"ಏಸೆಕ್. ಜಗಳ. ನಮ್ಮ ಶೆಡ್ಡು."

"ಇನ್ನೊಂದು ತೋಡಿದ್ರು. ಅದಕ್ಕೂ ಬಂದ್ರು."

"ಸಿಟ್ನಾ. ಮಹಡಿ ಕೋಣೆ."

"ಮುಂದೆ ಹೋಗಿ ಮೂರನೇದು ತೋಡಿದ್ರು. ಯಾರೂ ಬರ್ಲಿಲ್ಲ."

ತಮ್ಮ ಕಲ್ಲಿನ ನುಣುಪಾದ ಬೆನ್ನ ಮೇಲೆ ಕೈಯಿಟ್ಟ. "ರೆಹೋಬೋತ್. ಜಾಗ. ಎಲ್ಲರಿಗೂ ಸಾಕಾಗೋಷ್ಟು ಜಾಗ."

"ಇವತ್ತು ಇವನಿಗೆ ಎರಡನೇ ಸಲ ಬಡಿಸಮ್ಮ," ಎಂದರು ಭಾವ.

ಸಂಜೆ ನೆಂಟರು ಬರುವವರಿದ್ದರು. ಕಲ್ಲು ತಿರುಗಿಸಿ ಮಲಗಿಸಿ, ಅಣ್ಣ ಎಡಗಡೆಯಿಂದ, ತಮ್ಮ ಬಲಗಡೆಯಿಂದ 'ರೆಹೋಬೋತ್' ಎಂದು ಕೆತ್ತತೊಡಗಿದರು. ಗೆರೆ ಹಾಕಿಕೊಳ್ಳುವ ವ್ಯವಧಾನ ಇಬ್ಬರಿಗೂ ಇರಲಿಲ್ಲ. ಅಡುಗೆಮನೆಯಲ್ಲಿ ಅವಳು ಎರಡು ಉಳಿಗಳ ಸದ್ದು ಕೇಳುತ್ತಾ ಉಸ್ಸಪ್ಪಾ ಎಂದು ನೆಲದ ಮೇಲೆಯೇ ಕೂತುಬಿಟ್ಟಳು. ಎಷ್ಟೋ ವರ್ಷದ ಭಾರ ಇಳಿದಂತಿತ್ತು.

ಇದ್ದಕ್ಕಿದ್ದಂತೆ ಸದ್ದು ನಿಂತಿತು.

"ನೀನು ಸ್ವಲ್ಪ ಆ ಕಡೆ ಸರೀಬೇಕಿತ್ತು!"

"ದೊಡ್ಡವನು ನೀನು, ನೀನು ಸರೀಬೇಕಿತ್ತು!"

ಮತ್ತೆ ಶುರುವಾಯಿತೇ ದೇವರೇ ಎಂದು ಅವಳು ಓಡಿಬಂದಳು. ಇಬ್ಬರೂ ಮೈಯೆಲ್ಲ ಕಲ್ಲಿನ ಪುಡಿ ಮಾಡಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಕಲ್ಲಿನ ನಟ್ಟನಡುವೆ ಅಣ್ಣನ 'ಹೋ' ಮತ್ತು ತಮ್ಮನ 'ಬೋ', ಅಲುಗಾಡಲೂ ಜಾಗವಿಲ್ಲದೆ, ಒಂದಕ್ಕೊಂದು ಭುಜ ಒತ್ತಿಕೊಂಡು ಕೂತಿದ್ದವು.