ಹಿನ್ನೆಲೆಯಲ್ಲಿ ಹಡಗು

"ತಿರುಗಿ ನೋಡಬೇಡಿ. ಆ ಔಷಧಿ ಅಂಗಡಿಯವನು ನಮ್ಮನ್ನೇ ನೋಡ್ತಿದ್ದಾನೆ."

ಹೆಂಡತಿ ಹೀಗೆ ಅಂದ ಮೇಲೆ ತಿರುಗಿ ನೋಡದ ಗಂಡಸು ಇನ್ನೂ ಹುಟ್ಟಿಲ್ಲ. ಗಂಡ ತಿರುಗಿದ. ಅಂಗಡಿಯವನು ಕಣ್ಣು ಕಿರಿದು ಮಾಡಿಕೊಂಡು, ಕರೆಯಲೋ ಬೇಡವೋ ಎಂಬಂತೆ ಕೈಯನ್ನು ಅರ್ಧಕ್ಕೆ ಎತ್ತಿ ನಿಂತಿದ್ದ.

"ಟೋಪಿ ಕೆಳಗೆಳ್ಕೊಳ್ಳಿ. ಎಡಕ್ಕೆ ನಡೀರಿ, ಎಡಕ್ಕೆ!"

ಇಬ್ಬರೂ ಸಂದಿಗೆ ನುಗ್ಗಿದರು. ಅಗಲ ಅಂಚಿನ ಹುಲ್ಲಿನ ಟೋಪಿ, ಕಪ್ಪು ಕನ್ನಡಕ, ಮೈತುಂಬ ಹೂವಿನ ಅಂಗಿ. ಬೆಳಿಗ್ಗೆ ಬಂದರಿಗೆ ಬಂದು ನಿಂತ ಪ್ರವಾಸಿ ಹಡಗಿನಿಂದ ಜನ ಇದೇ ವೇಷದಲ್ಲಿ ಸಾಲುಗಟ್ಟಿ ಇಳಿದು ಊರೆಲ್ಲ ಹರಡಿಕೊಂಡಿದ್ದರು. ಇವಳ ಟೋಪಿಯ ಒಳಗೆ ಮಾತ್ರ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು. ಕೆಲಸ ಮುಗಿದ ಮೇಲೆ ಅಂಗಡಿಗೆ ವಾಪಸು ಕೊಡುವ ಹಂಚಿಕೆ.

ಹಡಗು ಸಂಜೆ ಐದಕ್ಕೆ ಹೊರಟುಬಿಡುತ್ತದೆ. ಅಷ್ಟರೊಳಗೆ ಒಳ್ಳೊಳ್ಳೆ ಫೋಟೋ ಹಿಡಿದು ವಾರಗಿತ್ತಿಗೆ ಕಳಿಸಬೇಕು. ಕೊನೆಯದರ ಹಿನ್ನೆಲೆಯಲ್ಲಿ ಹಡಗು ಕಾಣಲೇಬೇಕು. ಇಲ್ಲದಿದ್ದರೆ ಇಷ್ಟು ದಿನದ ಪಾಡೆಲ್ಲ ನೀರುಪಾಲು.

ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಹೋದ ವರ್ಷ ಇಂಥದ್ದೇ ಹಡಗಿನಲ್ಲಿ ಸುತ್ತಿ ಬಂದಿದ್ದಳು. ಆ ಫೋಟೋ ತೋರಿಸಲೆಂದೇ ಇವರ ಮನೆಗೆ ಬಂದು ಝಾಂಡಾ ಊರಿ, ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ನಿಮಗೆಲ್ಲಿ ಆಗುತ್ತೆ ಬಿಡಿ ಅಕ್ಕ, ಭಾವನಿಗೆ ರಜ ಸಿಗೋದೇ ಕಷ್ಟ" ಎಂದು ಕಿಸಕ್ಕನೆ ನಕ್ಕಿದ್ದಳು. ಅಕ್ಕನಿಗೆ ಅದು ಇವತ್ತಿಗೂ ಅರಗಿಲ್ಲ. ಈ ವರ್ಷ "ನಾವೂ ಹೊರಟ್ವಿ" ಎಂದು ಬಳಗಕ್ಕೆಲ್ಲ ಡಂಗುರ ಸಾರಿದಳು. ಭಾನುವಾರ ಸೂಟ್‌ಕೇಸನ್ನು ಗಡಗಡ ಎಳೆದುಕೊಂಡು ಬಂದು, ಎದುರುಮನೆಯವರು ನೋಡಿದ್ದು ಖಾತ್ರಿಯಾದ ಮೇಲೆಯೇ ಟ್ಯಾಕ್ಸಿ ಹತ್ತಿದ್ದಳು. ಅಂದಿನಿಂದ ಕಿಟಕಿ ತೆರೆಯುವಂತಿಲ್ಲದ ಕೋಣೆಯಲ್ಲಿ ಗಂಡ ಹೆಂಡತಿ ಎದುರುಬದುರು. ಬಿಸಿಲಿಗೆ ಮುಖ ಒಡ್ಡಿದ್ದು ಇವತ್ತೇ.

"ಆಫೀಸಿಗೆ ರಜ ಹಾಕಿ ಈ ಜೈಲು," ಗಂಡ ಗೊಣಗಿದ. "ಆ ರೂಮಲ್ಲಿ ಇನ್ನೆರಡು ದಿನ ಇದ್ರೆ ನನಗೆ ಬೂಷ್ಟು ಬರುತ್ತೆ."

"ಬರಲಿ. ಇಷ್ಟು ವರ್ಷದಲ್ಲಿ ನಿಮಗೆ ಅದೊಂದಾದ್ರೂ ಬರಲಿ."

ಹಿಂದೆ ಏನೋ ಮೂಸಿದ ಸದ್ದು. ಕಂದು ನಾಯಿ, ಒಂದು ಕಿವಿ ಹರಿದದ್ದು. ಬಾಲವನ್ನು ಗಿರಗಿರ ಆಡಿಸುತ್ತ ಅವಳ ಹೊಸ ಚಪ್ಪಲಿಯನ್ನು ಆಸೆಗಣ್ಣಿನಿಂದ ನೋಡುತ್ತಿತ್ತು.

"ಹಚಾ! ಇದೆಲ್ಲಿಂದ ವಕ್ಕರಿಸ್ತು? ಓಡಿಸ್ರೀ!"

"ಪಾಪ, ಪ್ರೀತಿಯಿಂದ ಬಂದಿದೆ ಕಣೇ."

"ಇದರ ಪ್ರೀತಿಗಿಷ್ಟು ಬೆಂಕಿ ಹಾಕ. ಇದನ್ನ ಕಟ್ಕೊಂಡು ಹೋದ್ರೆ ಊರಿಗೆ ಊರೇ ನಮ್ಮನ್ನ ನೋಡುತ್ತೆ."

ನಾಯಿ ಜಗ್ಗಲಿಲ್ಲ. ಸಂಬಳ ಕೊಟ್ಟು ಇಟ್ಟುಕೊಂಡ ಗೈಡಿನಂತೆ ಮುಂದೆ ಮುಂದೆ ನಡೆದು, ತಿರುವು ಬಂದಲ್ಲೆಲ್ಲ ನಿಂತು ಕಾಯಿತು.

ನೀಲಿ ಬಾಗಿಲ ಮುಂದೆ ಒಂದು ಫೋಟೋ. ಬಲೆ ಒಣಹಾಕಿದ ಗೋಡೆಯ ಮುಂದೆ ಇನ್ನೊಂದು. "ಎಂಥಾ ಸ್ವರ್ಗದಂಥ ಊರು!" ಎಂದು ಹೆಂಡತಿ ಅದರಡಿ ಬರೆದಳು. ಬರೆಯುತ್ತಲೇ, "ಥೂ, ಆ ಚರಂಡಿ ಬೀಳದ ಹಾಗೆ ಹಿಡೀರಿ ಅಂದ್ನಲ್ಲ. ಅಂಗಡಿ ಬೋರ್ಡೂ ಬೇಡ" ಎಂದಳು.

ಗಂಟಲೊಣಗಿದ ಗಂಡ ಎಳನೀರಿನ ಗಾಡಿಯ ಮುಂದೆ ನಿಂತ. ಬೆಲೆ ಕೇಳಿ ಅವನ ಕನ್ನಡಕ ಮೂಗಿನ ತುದಿಗೆ ಜಾರಿತು.

"ಏನಪ್ಪಾ, ಊರಿನವರಿಗೂ ಇದೇ ರೇಟಾ?"

"ಅವರಿಗೆ ಅರ್ಧ. ಇದು ಹಡಗಿನವರ ರೇಟು," ಗಾಡಿಯವನು ಮುಚ್ಚುಮರೆಯಿಲ್ಲದೆ ಹೇಳಿದ.

ಗಂಡ ಬಾಯಿ ತೆರೆದ. ಹೆಂಡತಿ ಕಾಲು ತುಳಿದಳು. ತೆರೆದ ಬಾಯಿಯನ್ನು ಹಾಗೇ ಮುಚ್ಚಿ ಹಡಗಿನವರ ರೇಟೇ ತೆತ್ತ.

"ಕುಡೀರಿ ಸುಮ್ನೆ. ಮಾನ ಅಂದ್ರೆ ಅಗ್ಗಕ್ಕೆ ಸಿಗುತ್ತಾ?"

ಅಷ್ಟರಲ್ಲಿ ಹಡಗು ಕೂಗಿತು.

ಇಬ್ಬರೂ ಎದ್ದೆನೋ ಬಿದ್ದೆನೋ ಎಂದು ಓಡಿದರು. ಟೋಪಿ ಹಿಡಿದುಕೊಂಡು ಅವಳು, ಹೊಟ್ಟೆ ಹಿಡಿದುಕೊಂಡು ಅವನು, ಎಲ್ಲರಿಗಿಂತ ಮುಂದೆ ನಾಯಿ. ಕಡಲಂಚಿನ ಕಟ್ಟೆ ಮುಟ್ಟುವಾಗ ಕೊನೆಯ ಪ್ರವಾಸಿಗರೂ ಹತ್ತಿಯಾಗಿತ್ತು. ಏಣಿ ಮೇಲೇರುತ್ತಿತ್ತು.

"ಬೇಗ ರೀ, ಹೋಗಿಬಿಡುತ್ತೆ!"

ಗಂಡ ಫೋನ್ ಹಿಡಿದ ಕೈಯನ್ನು ಉದ್ದಕ್ಕೆ ಚಾಚಿದ. ಇಬ್ಬರೂ ಹಲ್ಲು ಕಿರಿದರು. ಕ್ಲಿಕ್.

ಹಡಗು ದಡ ಬಿಟ್ಟಿತು. ಇವರಿಬ್ಬರೂ ದಡದಲ್ಲೇ ಉಳಿದರು.

ಹೆಂಡತಿ ಎದೆ ಬಡಿದುಕೊಳ್ಳಲಿಲ್ಲ. ಆರಾಮಾಗಿ ಕಟ್ಟೆಯ ಮೇಲೆ ಕೂತು, ಫೋಟೋದಲ್ಲಿ ತನ್ನ ಮುಖವನ್ನಷ್ಟೇ ದೊಡ್ಡದು ಮಾಡಿ ನೋಡಿಕೊಂಡಳು. ಗಲ್ಲ ಎರಡಾಗಿ ಕಂಡಿಲ್ಲ. ಹಿಂದೆ ಹಡಗು, ಬೆಟ್ಟದಷ್ಟು. ಇನ್ನೇನು ಬೇಕು? ವಾರಗಿತ್ತಿಗೆ ಕಳಿಸಿ, ಅಡಿಯಲ್ಲಿ "ಹೊರಡೋ ಹೊತ್ತಾಯ್ತು, ಹತ್ತುತ್ತಾ ಇದ್ದೀವಿ" ಎಂದು ಸೇರಿಸಿದಳು.

"ಉರ್ಕೊಂಡು ಸಾಯಲಿ," ಎಂದಳು ಸಂತೃಪ್ತಿಯಿಂದ.

ಉತ್ತರ ಆಗಿಂದಾಗಲೇ ಬಂತು.

"ಸೂಪರ್ ಅಕ್ಕ! ಅಂದ ಹಾಗೆ, ಹೋದ ವರ್ಷ ನಿಮ್ಮ ಮನೆ ಮೆಟ್ಟಿಲಿಂದ ನನ್ನ ಚಪ್ಪಲಿ ಕಚ್ಕೊಂಡು ಓಡಿತ್ತಲ್ಲ ನಿಮ್ಮ ಬೀದಿಯ ಹರಿದ ಕಿವಿ ನಾಯಿ, ನಿಮ್ಮ ಹಿಂದೆ ಕಟ್ಟೆ ಮೇಲೆ ಕೂತಿದೆ ನೋಡಿ, ಅದಕ್ಕೂ ಹಡಗಿನ ಟಿಕೆಟ್ ತೆಗೆಸಿದ್ರಾ?"