ಎದುರುಮನೆಯ ಬೂಟು

ಬೂಟುಗಳು ಇವತ್ತೂ ಅಲ್ಲೇ ಇದ್ದವು. ಕಂದು ಚರ್ಮ, ಹೊಸ ಲಾಡಿ, ಮುಖ ಕಾಣುವಷ್ಟು ಹೊಳಪು. ಎದುರುಮನೆಯ ಬಾಗಿಲಿಗೆ ಬೆನ್ನು ಮಾಡಿ, ಮೂತಿಯನ್ನು ನೇರವಾಗಿ ಸೊಮ್ಫೋನನ ಹೊಸಿಲಿಗೆ ತಿರುಗಿಸಿ ನಿಂತಿದ್ದವು. ಎದುರುಮನೆಯವನು ಬೇಕೆಂದೇ ಇಟ್ಟಿದ್ದಾನೆ ಎಂದು ಸೊಮ್ಫೋನ್ ಹಲ್ಲು ಕಡಿದ. ನಾಲ್ಕು ದಿನದಿಂದ ಇದೇ ಆಟ.

ಅವನ ಬಾಗಿಲಲ್ಲಿದ್ದದ್ದು ಕೋಳಿ ಕಾರ್ಖಾನೆಯ ಬಿಳಿ ಗಮ್‌ಬೂಟು, ಉಂಗುಷ್ಠ ಕಿತ್ತು ತಂತಿ ಸುತ್ತಿದ ರಬ್ಬರ್ ಚಪ್ಪಲಿ, ಮಗಳು ಮನಿವನ್‌ಳದೊಂದು ಜೊತೆ. ಲಾವೋಸಿನವರು ಒಂದು ಮನೆಯೊಳಗೆ ಕಾಲಿಡುವ ಮೊದಲೇ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ನೋಡಿ ಎಲ್ಲ ತಿಳಿದುಕೊಳ್ಳುತ್ತಾರೆ. ಯಾರು ಒಳಗಿದ್ದಾರೆ, ಎಷ್ಟು ಅನುಕೂಲಸ್ಥರು, ಎಲ್ಲವೂ ಅಲ್ಲೇ ಗೊತ್ತಾಗಿಬಿಡುತ್ತದೆ. ಇವತ್ತು ಹನ್ನೊಂದು ಗಂಟೆಗೆ ಮನಿವನ್‌ಳನ್ನು ಕೇಳಲು ಗಂಡಿನ ತಂದೆತಾಯಿ ಬರುವವರಿದ್ದರು. ಎಡೆನ್ಸರ್ ಪಾರ್ಕ್ ಬಡಾವಣೆಯಲ್ಲಿ ಎರಡು ಮಹಡಿಯ ಸ್ವಂತ ಮನೆಯವರು. ಮೆಟ್ಟಿಲು ಹತ್ತಿ ಬಂದವರ ಕಣ್ಣಿಗೆ ಎರಡು ಬಾಗಿಲೂ ಒಟ್ಟಿಗೇ ಬೀಳುತ್ತವೆ. ಬಡಮನೆ ಎಂಬ ಕಾರಣಕ್ಕೆ ಈಗಾಗಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ಇದೂ ತಪ್ಪಿದರೆ ಮನಿವನ್ ಮತ್ತೊಂದಕ್ಕೆ ಒಪ್ಪುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಜಗಳ ಹನ್ನೊಂದು ವರ್ಷದ್ದು. ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಕಾಗದ ಹಿಡಿದು ಈ ಎರಡು ಬಾಗಿಲುಗಳ ನಡುವೆ ನಿಂತಿದ್ದಳು. ಲಾವೋಸಿನಿಂದ ಬಂದವರು, ತುರ್ಕಿಯಿಂದ ಬಂದವರು, ಇಬ್ಬರಲ್ಲಿ ಯಾರ ಬದುಕು ಸಿಡ್ನಿಯಲ್ಲಿ ಹಸನಾಗಿದೆ ಎಂಬುದು ಅವಳಿಗೆ ಬೇಕಿತ್ತು.

"ಇದ್ರಲ್ಲಿ ಕೇಳೋದೇನಿದೆಯಮ್ಮಾ?" ಎಂದಿದ್ದ ಎದುರುಮನೆಯ ನುರೆತ್ತಿನ್, ಹೊಟ್ಟೆ ನೀವಿಕೊಳ್ಳುತ್ತ. "ನಮ್ಮೋರನ್ನ ಸರ್ಕಾರನೇ ಕರೆಸ್ಕೊಂಡಿದ್ದು, ವಿಮಾನದಲ್ಲಿ. ಇವರು ನದಿ ಈಜ್ಕೊಂಡು ಬಂದೋರು. ಕಾಲಿಗೆ ಚಪ್ಪಲೀನೂ ಇರ್ಲಿಲ್ಲ."

"ಹಾರಿದೋರೂ ಈಜಿದೋರೂ ಒಂದೇ ಮಹಡೀಲಿ ಬಾಡಿಗೆಗಿದೀವಿ. ಅದನ್ನೂ ಬರ್ಕೊಳಮ್ಮ," ಎಂದಿದ್ದ ಸೊಮ್ಫೋನ್.

ಹುಡುಗಿ ನಕ್ಕು ಬರೆದುಕೊಂಡು ಹೋದಳು. ಇವರ ಹೋಲಿಕೆ ಮಾತ್ರ ನಿಲ್ಲಲಿಲ್ಲ. ಅವರವನೊಬ್ಬ ಕಬಾಬ್ ಅಂಗಡಿ ತೆರೆದರೆ ಇವರವಳೊಬ್ಬಳು ಹಲ್ಲಿನ ಡಾಕ್ಟರಾದಳು. ಅವರ ಮಸೀದಿಗೆ ಹೊಸ ರತ್ನಗಂಬಳಿ ಬಂದರೆ ಇವರ ಬುದ್ಧವಿಹಾರಕ್ಕೆ ಹೊಸ ಚಾವಣಿ ಬಂತು. ಚಪ್ಪಲಿಯ ಮಾತು ನಿಜವೇ ಆಗಿದ್ದರಿಂದ ಸೊಮ್ಫೋನ್ ಅದನ್ನು ಮರೆಯಲಿಲ್ಲ. ಮೆಕಾಂಗ್ ನದಿ ದಾಟಿ ಆಚೆ ದಡಕ್ಕೆ ಬಿದ್ದಾಗ ಅವನು ಬರಿಗಾಲಲ್ಲಿದ್ದ. ಆ ಎದುರುಮನೆಯ ಹೆಸರನ್ನು ತನ್ನ ಮನೆಯಲ್ಲಿ ಯಾರೂ ಎತ್ತಕೂಡದೆಂದು ಕಟ್ಟಪ್ಪಣೆ ಮಾಡಿದ್ದ.

ಈ ವಾರವಂತೂ ಅವರ ಮೆರೆದಾಟ ಮಿತಿಮೀರಿತ್ತು. ಬುಧವಾರ ಬೆಳಗ್ಗೆ ಪಾಳಿ ಮುಗಿಸಿ ಬಂದಾಗ ಮೆಟ್ಟಿಲ ತುಂಬ ನೆಂಟರು, ಕೈಯಲ್ಲಿ ಮುಚ್ಚಿದ ತಟ್ಟೆಗಳು. ಮಧ್ಯಾಹ್ನ ಬೆಣ್ಣೆಯಲ್ಲಿ ಹಿಟ್ಟು ಹುರಿಯುವ ವಾಸನೆ ಬಂದು ಎಚ್ಚರವಾಯಿತು. ನುರೆತ್ತಿನನ ಹೆಂಡತಿ ಮುಕದ್ದೆಸ್ ಹಲ್ವದ ತಟ್ಟೆ ಹಿಡಿದು ಇವನ ಬಾಗಿಲನ್ನೂ ತಟ್ಟಿದಳು. ಇಣುಕುಗಾಜಿನಲ್ಲಿ ನೋಡಿದ ಸೊಮ್ಫೋನ್ ತೆರೆಯಲಿಲ್ಲ. ಅಂಗಡಿಯನ್ನೋ ಮನೆಯನ್ನೋ ಕೊಂಡಿರಬೇಕು, ಸಿಹಿ ಹಂಚಿ ಹೊಟ್ಟೆ ಉರಿಸುವ ಉಪಾಯ ಎಂದುಕೊಂಡ.

"ಅಪ್ಪಾ, ಎದುರುಮನೇಲಿ..." ಎಂದು ಮನಿವನ್ ಸಂಜೆ ಶುರುಮಾಡಿದ್ದಳು.

"ಆ ಮನೆ ಸುದ್ದಿ ನಂಗೆ ಬೇಡ," ಎಂದು ಬಾಯಿ ಮುಚ್ಚಿಸಿದ.

ಮಾರನೆಯ ದಿನದಿಂದ ಈ ಬೂಟು. ಯಾವಾಗಲೂ ಒಳಗಿನ ಕಪಾಟಿನಲ್ಲೇ ಇರುತ್ತಿದ್ದದ್ದು ಈಗ ಹೊರಗೆ ಬಂದಿತ್ತು. ಬೂಟು ಹೊರಗಿದೆಯೆಂದರೆ ಮನುಷ್ಯ ಒಳಗಿದ್ದಾನೆ. ಅಲುಗಿಯೇ ಇಲ್ಲವೆಂದರೆ ಕೆಲಸಕ್ಕೂ ಹೋಗಿಲ್ಲ. ಕೂತು ತಿನ್ನುವಷ್ಟಾಗಿಬಿಟ್ಟಿದೆ ಅವನಿಗೆ, ಎಂದು ಸೊಮ್ಫೋನನ ಮೈಯೆಲ್ಲ ಉರಿಯಿತು.

ಹತ್ತೂ ಮುಕ್ಕಾಲಿಗೆ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಮನಿವನ್ ಅಡುಗೆಮನೆಯಲ್ಲಿ ಹಬೆಯಲ್ಲಿ ಬೆಂದ ಅಂಟನ್ನದ ಬಿದಿರುಬುಟ್ಟಿಯನ್ನು ಒಲೆಯಿಂದ ಇಳಿಸುತ್ತಿದ್ದಳು. ಸೊಮ್ಫೋನ್ ಎರಡು ಹೆಜ್ಜೆ ಇಟ್ಟು, ಬೂಟುಗಳನ್ನು ಎತ್ತಿ ತಂದು, ತನ್ನ ಸಾಲಿನ ಮುಂದೆ ಜೋಡಿಸಿದ. ಗಮ್‌ಬೂಟು, ಚಪ್ಪಲಿ ಮಂಚದಡಿಗೆ ಹೋದವು. ಅರವತ್ತೆರಡನೆಯ ವಯಸ್ಸಿನಲ್ಲಿ ಕಳ್ಳತನ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಗಂಡಿನ ತಾಯಿಯ ಕಣ್ಣು ಬಾಗಿಲಲ್ಲೇ ನಿಂತಿತು. "ಒಳ್ಳೆ ಬೂಟು. ನಿಮ್ದಾ ಅಣ್ಣ?"

"ನಂದೇ. ದಿನಾ ಹಾಕ್ಕೊಳೋಕೆ ಆಗುತ್ತೆ ಅಂತ ಇಟ್ಕೊಂಡಿದೀನಿ ತಂಗಿ."

"ಎದುರಿಗ್ಯಾರಿದಾರೆ? ಬಾಗಿಲಲ್ಲಿ ಒಂದು ಚಪ್ಪಲೀನೂ ಇಲ್ಲ."

"ತುರ್ಕಿಯೋರು. ಪಾಪ, ಗತಿಯಿಲ್ಲದೋರು. ನಾವೇ ಅಷ್ಟೋ ಇಷ್ಟೋ ಕೊಟ್ಟು ಸಾಗಿಸ್ತೀವಿ."

ಊಟ ನಡೆಯಿತು. ಕೊಚ್ಚಿದ ಮಾಂಸದ ಲಾಪ್ ಚೆನ್ನಾಗಿದೆ ಎಂದರು, ಹುಡುಗಿ ಒಪ್ಪಿಗೆ ಎಂದರು, ಮಳೆಗಾಲದ ವ್ರತ ಮುಗಿದ ಮೇಲೆ ಮದುವೆ ಎಂದರು. ಸೊಮ್ಫೋನನ ಒಂದು ಕಿವಿ ಮಾತ್ರ ಎದುರು ಬಾಗಿಲ ಮೇಲೇ ಇತ್ತು. ನುರೆತ್ತಿನ್ ಯಾವ ಗಳಿಗೆಯಲ್ಲಾದರೂ ಹೊರಬಂದು ಬೂಟೆಲ್ಲಿ ಎಂದು ಅರಚಬಹುದಿತ್ತು. ಆ ಬಾಗಿಲಾಚೆಯಿಂದ ಅವನ ಹಳೆಯ ಕೆಮ್ಮು ಕೂಡ ಕೇಳಲಿಲ್ಲ. ಹೆದರಿ ಕೂತಿದ್ದಾನೆ ಎಂದುಕೊಂಡು ಸೊಮ್ಫೋನ್ ಇನ್ನೊಂದು ಲೋಟ ಬಿಯರ್ ಸುರಿದ.

"ಕಾರಿನ ತನಕ ಬನ್ನಿ ಅಣ್ಣ," ಎಂದಳು ಬೀಗಿತ್ತಿ ಹೊರಡುವಾಗ. ಬೇರೆ ದಾರಿಯಿರಲಿಲ್ಲ. ಸೊಮ್ಫೋನ್ ಬೂಟಿಗೆ ಕಾಲು ತೂರಿಸಿದ. ಒಂದು ಬೆರಳಿನಷ್ಟು ದೊಡ್ಡದು. ಲಾಡಿ ಬಿಗಿದು ಎದ್ದು ನಿಲ್ಲುವಷ್ಟರಲ್ಲಿ ಎದುರು ಬಾಗಿಲು ತೆರೆಯಿತು.

ಮುಕದ್ದೆಸ್ ತಲೆಗೆ ಬಿಳಿ ಬಟ್ಟೆ ಕಟ್ಟಿದ್ದಳು. ಕಣ್ಣು ಊದಿಕೊಂಡಿದ್ದವು. ಅವಳು ತನ್ನ ಖಾಲಿ ಹೊಸಿಲನ್ನು ನೋಡಿ, ಆಮೇಲೆ ಅವನ ಕಾಲು ನೋಡಿದಳು. ಮನಿವನ್ ಹಿಂದಿನಿಂದ ಅಪ್ಪನ ತೋಳು ಹಿಡಿದಳು.

"ನಿಮ್ಮ ಯಜಮಾನ್ರಿಗೆ ಹೇಳಿ," ಸೊಮ್ಫೋನ್ ಅವಸರದಲ್ಲಿ ತಾನೇ ಮೇಲೆಬಿದ್ದ. "ನೆಂಟರಿದಾರೆ. ಈಗ ಗಲಾಟೆ ಬೇಡ. ಆಮೇಲೆ ಮಾತಾಡೋಣ."

"ಗಲಾಟೆ ಯಾಕೆ?" ಮುಕದ್ದೆಸಳ ದನಿ ತಣ್ಣಗಿತ್ತು, ಬೀಗರಿಗೂ ಕೇಳುವಷ್ಟು ಸ್ಪಷ್ಟವಾಗಿತ್ತು. "ನಮ್ಮಲ್ಲಿ ಗಂಡಸು ತೀರ್ಕೊಂಡ್ರೆ ಅವನ ಬೂಟನ್ನ ಬಾಗಿಲ ಹೊರಗಿಡ್ತೀವಿ, ಗತಿಯಿಲ್ಲದೋರು ಯಾರಾದ್ರೂ ತಗೊಂಡೋಗ್ಲಿ ಅಂತ. ಯಾರು ಬರ್ತಾರೋ ಅಂತ ನಾಲ್ಕು ದಿನದಿಂದ ಕಾಯ್ತಿದ್ದೆ. ಹಾಕ್ಕೊಂಡು ಹೋಗಿ."