ಸಂಜೆ ಮನೆಗೆ ಬರುವ ಹೊಗೆ

ಹೊತ್ತು ಮುಳುಗಿದರೆ ಹೊಗೆ ಮನೆಗೆ ಮರಳುತ್ತಿತ್ತು, ಯಾರ ಕೈಯಿಂದ ಹುಟ್ಟಿತೋ ಅವರ ಮೂಗಿಗೇ. ಅದಕ್ಕೇ ಜನ ಕಸ ಸುಡುವುದನ್ನು ಬಿಟ್ಟಿದ್ದರು. ಲಾರಿ ಓಡಿಸುವ ಖಾಜಾಸಾಬ ಮಾತ್ರ ದಿನಾ ಕಟ್ಟೆಯ ಮೇಲೆ ಕೂತು, ತನ್ನ ಪಾಲಿನ ಹೊಗೆ ನುಂಗಿ, ಕೆಮ್ಮಿ, ಆಮೇಲೆ ಊಟಕ್ಕೆ ಏಳುತ್ತಿದ್ದ.

ಅಂದು ಬೆಳಿಗ್ಗೆ ಕಟ್ಟಿಗೆ ಹಸಿಯಿತ್ತು. ಸಂಜೆ ತಾನು ಕೆಮ್ಮಿದರಾಯಿತೆಂದು ನೀಲವ್ವ ಬಚ್ಚಲೊಲೆಗೆ ಹಳೇ ಟೈರು ತುರುಕಿದ್ದಳು. ಈಗ ಮೂಗಿಗೆ ಸೆರಗು ಒತ್ತಿಕೊಂಡು ಹೊಸ್ತಿಲಲ್ಲಿ ಕಾದಳು. ಓಣಿ ತಿರುಗಿ ಬಂದ ಕರಿಹೊಗೆ ಅವಳನ್ನು ಮುಟ್ಟದೆ ಬಳಸಿಕೊಂಡು ಒಳಗೆ ಹೋಯಿತು.

"ಅತ್ತೀ, ಒಲಿ ಹಚ್ಚಿದವ್ರು ನೀವಲ್ಲೇನ್ರೀ?" ಸೊಸೆ ಚೀರಿದಳು.

ನೀಲವ್ವ ಮೂಗಿನ ಮೇಲಿನ ಸೆರಗು ಕೆಳಗಿಳಿಸಿದಳು.

"ಹೆಸರಿಟ್ಟ ಮ್ಯಾಲೆ ಮೊದಲ್ನೇ ನೀರು, ಶುಭ ಆಗ್ಲಿ ಅಂತ... ಕೂಸಿನ ಕೈಯಾಗ ಕಡ್ಡಿ ಹಿಡಿಸಿ ಹಚ್ಚಿದೆನವ್ವಾ."

ಒಳಗೆ ತೊಟ್ಟಿಲು ಕೆಮ್ಮಿತು.